ಅಚ್ಚುಗಾರ ಹಿಕ್ಕಿ

ಬೆಳಗಾಗುತ್ತಲೆ ವೃತ್ತಪತ್ರಿಕೆಯನ್ನು ಕೈಗೆತ್ತಿಕೊಳ್ಳುವುದು ನಗರವಾಸಿಗಳಿಗೆ ಬಹುಕಾಲದಿಂದ ಬಂದ ಅಭ್ಯಾಸ. ನಮ್ಮ ಮುಂಬಯಿಯಲ್ಲಿ ಕನ್ನಡ, ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷು ಪತ್ರಿಕೆಗಳು ಒಂದೇ ಅಂಗಡಿಯ ಹಲಗೆಯ ಮೇಲೆ ಮಗ್ಗುಲು ಮಗ್ಗುಲಾಗಿ ಕಾಣಸಿಗುತ್ತವೆ. ಅವುಗಳಲ್ಲಿ ಅಧಿಕಾರದಲ್ಲಿರುವವರನ್ನು ಟೀಕಿಸಿದ ಲೇಖನವೊಂದು ಕಣ್ಣಿಗೆ ಬಿದ್ದರೆ ಯಾರೂ ಬೆರಗಾಗುವುದಿಲ್ಲ. ಆದರೆ ಈ ದೇಶದಲ್ಲಿ ಅಂತಹ ಲೇಖನವನ್ನು ಮೊತ್ತಮೊದಲಿಗೆ ಅಚ್ಚು ಹಾಕಿದವನು ತನ್ನ ಅಚ್ಚುಕೂಟವನ್ನೂ ಸ್ವಾತಂತ್ರ್ಯವನ್ನೂ ಜೀವನೋಪಾಯವನ್ನೂ ಕಳೆದುಕೊಳ್ಳಬೇಕಾಯಿತು. ಅವನ ಹೆಸರು ಜೇಮ್ಸ್ ಆಗಸ್ಟಸ್ ಹಿಕ್ಕಿ. ಅವನು ಮಹಾಪುರುಷನಲ್ಲ, ಸಾಧುವೂ ಅಲ್ಲ. ಹಟಮಾರಿ, ಮುಂಗೋಪಿ, ಹರಿತವಾದ ನಾಲಗೆಯವನು. ಆದರೂ ಭಾರತದ ಪತ್ರಿಕೋದ್ಯಮದ ಚರಿತ್ರೆಯನ್ನು ಯಾರು ಬರೆದರೂ ಅವನ ಹೆಸರಿನಿಂದಲೇ ಪ್ರಾರಂಭಿಸಬೇಕಾಗುತ್ತದೆ.

ಹಿಕ್ಕಿಯು ಸುಮಾರು 1740 ರಲ್ಲಿ ಐರ್ಲೆಂಡಿನಲ್ಲಿ ಜನಿಸಿದನು. ಹುಡುಗನಾಗಿದ್ದಾಗಲೇ ಲಂಡನ್ನಿಗೆ ಹೋಗಿ ವಿಲಿಯಂ ಫೇಡನ್ ಎಂಬ ಸ್ಕಾಟ್ಲೆಂಡಿನ ಮುದ್ರಕನ ಬಳಿ ಅಚ್ಚಿನ ಕೆಲಸವನ್ನು ಕಲಿಯತೊಡಗಿದನು. ಆದರೆ ಅವನ ಮನಸ್ಸು ಒಂದು ಕಡೆ ನಿಲ್ಲುವಂತಹುದಾಗಿರಲಿಲ್ಲ. ಅಚ್ಚಿನ ಕೆಲಸವನ್ನು ಬಿಟ್ಟು ವಿಲಿಯಂ ಡೇವಿ ಎಂಬ ವಕೀಲನ ಹತ್ತಿರ ಗುಮಾಸ್ತನಾದನು. ಅದನ್ನೂ ಬಿಟ್ಟು ಶಸ್ತ್ರವೈದ್ಯದ ಕಡೆಗೆ ತಿರುಗಿದನು. 1772 ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರಲ್ಲಿ ಶಸ್ತ್ರವೈದ್ಯನ ಸಹಾಯಕನಾಗಿ ಸೇರಿ ಕಲಕತ್ತೆಗೆ ಬಂದಿಳಿದನು. ಅಚ್ಚು, ಕಾನೂನು, ವೈದ್ಯ ಈ ಮೂರೂ ವಿದ್ಯೆಗಳಲ್ಲಿ ಯಾವುದನ್ನೂ ಅವನು ಪೂರ್ತಿಯಾಗಿ ಕಲಿತವನಲ್ಲ. ಆದರೆ ಮುಂದೆ ಆ ಮೂರೂ ಅವನ ಉಪಯೋಗಕ್ಕೆ ಬಂದುವು.

ಕಲಕತ್ತೆಯಲ್ಲಿ ಅವನು ವೈದ್ಯವೃತ್ತಿಯ ಜೊತೆಗೆ ಕಡಲ ವ್ಯಾಪಾರಕ್ಕೂ ಕೈ ಹಾಕಿದನು. ಸಾಲ ಮಾಡಿ ಸರಕು ತುಂಬಿ ಕರಾವಳಿಗುಂಟ ಕಳುಹಿಸುತ್ತಿದ್ದನು. 1776 ರಲ್ಲಿ ಅವನ ಹಡಗು ಕೆಟ್ಟುಹೋದ ಸರಕಿನೊಡನೆ ಬಂದರಿಗೆ ಹಿಂದಿರುಗಿತು. ಸಾಲಗಾರರು ಬಾಗಿಲಿಗೆ ಬಂದರು. ಹೊಸ ಸಾಲ ಹುಟ್ಟಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಹಿಕ್ಕಿಯು ಸೆರೆಮನೆಯನ್ನು ಸೇರಿದನು. ಸಾಲ ತೀರಿಸಲಾರದವನನ್ನು ಸೆರೆಯಲ್ಲಿಡುವುದು ಅಂದಿನ ಇಂಗ್ಲಿಷು ಕಾನೂನು. ಒಳಗಿದ್ದವನು ದುಡಿದು ಸಾಲ ತೀರಿಸುವುದಾದರೂ ಹೇಗೆ ಎಂಬುದನ್ನು ಆ ಕಾನೂನು ಯೋಚಿಸುತ್ತಿರಲಿಲ್ಲ.

ಹಿಕ್ಕಿಯು ಯೋಚಿಸಿದನು. ಅವನ ಬಳಿ ಅಳಿದುಳಿದ ಹಣ ಸುಮಾರು 2,000 ರೂಪಾಯಿ ಇತ್ತು. ಬಾಲ್ಯದಲ್ಲಿ ಕಲಿತ ಅಚ್ಚಿನ ಕೆಲಸವು ನೆನಪಿಗೆ ಬಂದಿತು. ಬಡಗಿಯಿಂದ ಮರದ ಅಚ್ಚುಯಂತ್ರವೊಂದನ್ನು ಮಾಡಿಸಿ, ಮೊಳೆಗಳನ್ನು ಸಂಪಾದಿಸಿ, 1777 ರಲ್ಲಿ ಸೆರೆಮನೆಯೊಳಗಿನಿಂದಲೇ ಅಚ್ಚಿನ ಉದ್ಯೋಗವನ್ನು ಆರಂಭಿಸಿದನು. ಕಂಪನಿಯ ಸೈನ್ಯದ ಭತ್ಯದ ಪತ್ರಗಳನ್ನು ಅಚ್ಚು ಮಾಡುವ ಕೆಲಸವೂ ಅವನಿಗೆ ದೊರೆಯಿತು. ವಿಲಿಯಂ ಹಿಕಿ ಎಂಬ, ಹೆಸರಿನಲ್ಲಿ ಮಾತ್ರ ಹೋಲಿಕೆಯುಳ್ಳ, ವಕೀಲನ ನೆರವಿನಿಂದ ಮುಂದೆ ಅವನ ಬಿಡುಗಡೆಯೂ ಆಯಿತು.

ಆ ಕಾಲದ ಅಚ್ಚಿನ ಕೆಲಸವು ಎಷ್ಟು ಶ್ರಮದ್ದೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಸೀಸದ ಒಂದೊಂದು ಮೊಳೆಯನ್ನೂ ಬೆರಳುಗಳಿಂದ ಆರಿಸಿ ಸಾಲಾಗಿ ಜೋಡಿಸಬೇಕು. ಮೊಳೆಯ ಮುಖದಲ್ಲಿ ಅಕ್ಷರವು ತಿರುಗುಮುರುಗಾಗಿರುವುದರಿಂದ ಜೋಡಿಸುವವನು ಕನ್ನಡಿಯಲ್ಲಿ ಓದುವವನಂತೆ ಓದಬೇಕು. ಸಾಲುಗಳೆಲ್ಲ ಸೇರಿ ಪುಟವಾದ ಮೇಲೆ ಅದನ್ನು ಚೌಕಟ್ಟಿನಲ್ಲಿ ಬಿಗಿದು, ತೊಗಲಿನ ಉಂಡೆಗಳಿಂದ ಮಸಿಯನ್ನು ತಟ್ಟಿ, ನೀರಿನಲ್ಲಿ ತೇವಗೊಳಿಸಿದ ಕಾಗದವನ್ನು ಹಾಸಿ, ಭಾರವಾದ ಹಿಡಿಯನ್ನು ತೋಳಿನ ಬಲದಿಂದ ಎಳೆಯಬೇಕು. ಹಾಳೆಯ ಒಂದು ಮಗ್ಗುಲಿಗೆ ಒಂದು ಸಲ, ಮತ್ತೊಂದು ಮಗ್ಗುಲಿಗೆ ಮತ್ತೊಂದು ಸಲ. ಬಳಿಕ ಹಾಳೆಗಳನ್ನು ದಾರದ ಮೇಲೆ ಒಣಹಾಕಿ, ಮೊಳೆಗಳನ್ನೆಲ್ಲ ಬಿಚ್ಚಿ, ಪ್ರತಿಯೊಂದನ್ನೂ ಅದರದರ ಗೂಡಿಗೆ ಹಿಂದಿರುಗಿಸಿದರೆ ಮಾತ್ರ ಮುಂದಿನ ಪುಟಕ್ಕೆ ಅಕ್ಷರ ಸಿಗುತ್ತಿತ್ತು. ಮೊಳೆಗಳು ಅಚ್ಚುಗಾರನ ಆಸ್ತಿ. ಅವು ಹೋದರೆ ಅವನ ಕೈ ಹೋದಂತೆ. ಈ ಮಾತನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಭಾರತಕ್ಕೆ ಅಚ್ಚಿನ ವಿದ್ಯೆಯನ್ನು ತಂದವನು ಹಿಕ್ಕಿಯಲ್ಲ. 1556 ರಷ್ಟು ಹಿಂದೆಯೇ ಪೋರ್ಚುಗೀಸರ ಗೋವೆಯಲ್ಲಿ ಅಚ್ಚುಯಂತ್ರವು ಬಂದಿಳಿದಿತ್ತು. 1778 ರಲ್ಲಿ ಹೂಗ್ಲಿಯಲ್ಲಿ ಚಾರ್ಲ್ಸ್ ವಿಲ್ಕಿನ್ಸನು ಪಂಚಾನನ ಕರ್ಮಕಾರನೆಂಬ ಕುಶಲಿಯ ನೆರವಿನಿಂದ ಬಂಗಾಳಿ ಮೊಳೆಗಳನ್ನು ಸಿದ್ಧಪಡಿಸಿದ್ದನು. ನಮ್ಮ ಮುಂಬಯಿಯಲ್ಲಿ ರುಸ್ತುಮ್ ಕೆರ್ಸಾಸ್ಪ್‌ಜೀ ಎಂಬ ಪಾರಸಿ ಗೃಹಸ್ಥನು 1780 ನೆಯ ವರ್ಷದ ಪಂಚಾಂಗವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದನು. ಆದರೆ ವಾರವಾರವೂ ಸುದ್ದಿಯನ್ನು ಅಚ್ಚು ಮಾಡಿ ಹಂಚುವ ಸಾಹಸಕ್ಕೆ ಯಾರೂ ಇಳಿದಿರಲಿಲ್ಲ. 1768 ರಲ್ಲಿ ವಿಲಿಯಂ ಬೋಲ್ಟ್ಸ್ ಎಂಬ ಕಂಪನಿಯ ಹಳೆಯ ನೌಕರನು ಕಲಕತ್ತೆಯಲ್ಲಿ ಅಚ್ಚುಕೂಟವಿಲ್ಲದಿರುವುದು ದೊಡ್ಡ ಕೊರತೆಯೆಂದೂ, ಕೆಲಸ ಬಲ್ಲವರಿಗೆ ತಾನು ನೆರವು ನೀಡುವೆನೆಂದೂ ಕೌನ್ಸಿಲ್ ಭವನದ ಬಾಗಿಲಿಗೆ ಪ್ರಕಟಣೆಯೊಂದನ್ನು ಅಂಟಿಸಿದ್ದನು. ಕಂಪನಿಯು ಅವನನ್ನು ದೇಶದಿಂದಲೇ ಹೊರಗೆ ಕಳುಹಿಸಿತು. ತಮ್ಮ ಲೆಕ್ಕಪತ್ರಗಳು ಬೀದಿಯಲ್ಲಿ ಓದಲ್ಪಡುವುದು ಕಂಪನಿಯವರಿಗೆ ಬೇಕಾಗಿರಲಿಲ್ಲ.

1779 ರಲ್ಲಿ ಕಂಪನಿಯ ಸೇನಾಧಿಪತಿ ಸರ್ ಐರ್ ಕೂಟನು ಸೈನ್ಯದ ನಿಯಮಾವಳಿಯನ್ನು ಅಚ್ಚು ಹಾಕುವ ದೊಡ್ಡ ಕೆಲಸವನ್ನು ಹಿಕ್ಕಿಗೆ ಒಪ್ಪಿಸಿದನು. ಹಿಕ್ಕಿಯು ಹಗಲಿರುಳು ದುಡಿದನು. ಆದರೆ ಕಂಪನಿಯ ಅಧಿಕಾರಿಗಳು ಹಣ ಕೊಡುವುದರಲ್ಲಿ ತಡೆಯೊಡ್ಡಿದರು. ಪೂರ್ತಿ ಹಣವು ಅವನ ಕೈಗೆ ಎಂದೂ ಸೇರಲಿಲ್ಲ. ಸರ್ಕಾರದ ಕೆಲಸವನ್ನು ನೆಚ್ಚಿ ಬಾಳುವುದು ಸಾಧ್ಯವಿಲ್ಲವೆಂದು ಅವನಿಗೆ ತೋರಿರಬೇಕು. ಬೋಲ್ಟ್ಸನಿಗಾದ ಗತಿಯನ್ನು ಲೆಕ್ಕಿಸದೆ ಅವನು ಪತ್ರಿಕೆಯನ್ನು ಹೊರಡಿಸಲು ನಿಶ್ಚಯಿಸಿದನು.

1780 ನೆಯ ಜನವರಿ 29, ಶನಿವಾರ, ಹಿಕ್ಕಿಯ ಬೆಂಗಾಲ್ ಗೆಜೆಟ್ ಬೆಳಕು ಕಂಡಿತು. ನಾಲ್ಕು ಪುಟಗಳ ಚಿಕ್ಕ ವಾರಪತ್ರಿಕೆ. ಬಿಡಿ ಪ್ರತಿಗೆ ಒಂದು ರೂಪಾಯಿ. ಈ ದೇಶದಲ್ಲಿ ಅಚ್ಚಾದ ಮೊದಲ ವೃತ್ತಪತ್ರಿಕೆ ಅದೇ. ಎಲ್ಲ ಪಕ್ಷಗಳವರಿಗೂ ತನ್ನ ಪತ್ರಿಕೆಯಲ್ಲಿ ಎಡೆಯುಂಟೆಂದೂ, ಆದರೆ ಯಾವ ಪಕ್ಷದ ಹಂಗಿಗೂ ತಾನು ಒಳಗಾಗುವುದಿಲ್ಲವೆಂದೂ ಅವನು ಸಾರಿದನು. ಮೊದಮೊದಲು ಅದರಲ್ಲಿ ಹಡಗುಗಳ ಬರವು ಹೋಗುವಿಕೆ, ಸರಕಿನ ಮಾರಾಟ, ಕಳೆದುಹೋದ ವಸ್ತುಗಳು, ವಿಲಾಯತಿಯ ಹಳೆಯ ಪತ್ರಿಕೆಗಳಿಂದ ತೆಗೆದ ಸುದ್ದಿ, ಓದುಗರ ಪತ್ರಗಳು ಮತ್ತು ಪದ್ಯಗಳು ಇರುತ್ತಿದ್ದುವು. ಕಲಕತ್ತೆಯ ಬೀದಿಗಳ ಹೊಲಸನ್ನೂ, ಅವುಗಳನ್ನು ನೋಡಿಕೊಳ್ಳಬೇಕಾದವರ ಉದಾಸೀನವನ್ನೂ ಅವನು ಎತ್ತಿ ತೋರಿಸಿದನು. ಕೆಳಗಿನ ದರ್ಜೆಯ ಸಿಪಾಯಿಗಳ, ಬಡ ಯೂರೋಪಿಯನ್ನರ ಕಷ್ಟಗಳಿಗೂ ಪತ್ರಿಕೆಯಲ್ಲಿ ಸ್ಥಳ ದೊರೆಯಿತು. ರಾಧಾಬಜಾರಿನ ಅವನ ಅಚ್ಚುಕೂಟವು ಊರಿಗೆಲ್ಲ ಪರಿಚಿತವಾಯಿತು.

ಆ ವರ್ಷದ ಸುದ್ದಿಗಳಲ್ಲಿ ಕನ್ನಡಿಗರಾದ ನಮಗೆ ಹತ್ತಿರದ ಸುದ್ದಿಯೊಂದಿದೆ. 1780 ನೆಯ ಸೆಪ್ಟೆಂಬರ್ 10 ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಮೈಸೂರಿನ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯವು ಕರ್ನಲ್ ಬೇಯ್ಲಿಯ ಪಡೆಯನ್ನು ನುಚ್ಚುನೂರು ಮಾಡಿತು. ಭಾರತದಲ್ಲಿ ಕಂಪನಿಗೆ ಅಂತಹ ಸೋಲು ಅದುವರೆಗೆ ಆಗಿರಲಿಲ್ಲ. ದಕ್ಷಿಣದ ಈ ಯುದ್ಧದ ವಾರ್ತೆಗಳು ಹಿಕ್ಕಿಯ ಪತ್ರಿಕೆಯ ಮೂಲಕ ಕಲಕತ್ತೆಯ ಓದುಗರನ್ನು ಮುಟ್ಟಿದುವು. ಸೋಲನ್ನು ಮುಚ್ಚಿಡುವುದು ಇನ್ನು ಸುಲಭವಾಗಿರಲಿಲ್ಲ. ಹಿಕ್ಕಿಗೆ ಕೆಲಸ ಕೊಟ್ಟಿದ್ದ ಐರ್ ಕೂಟನೇ ಹೈದರಾಲಿಯನ್ನು ಎದುರಿಸಲು ಬಂಗಾಳದಿಂದ ಮದರಾಸಿಗೆ ತೆರಳಿದನು.

ಕಂಪನಿಯ ಆಡಳಿತವು ಆಗ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಕೈಯಲ್ಲಿತ್ತು. ಕಂಪನಿಯ ನೌಕರರ ಅನ್ಯಾಯಗಳನ್ನು ವಿಚಾರಿಸಲೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1773 ರ ಶಾಸನದಿಂದ ಕಲಕತ್ತೆಯಲ್ಲಿ ಸುಪ್ರೀಂ ಕೋರ್ಟನ್ನು ಸ್ಥಾಪಿಸಿತ್ತು. ಅದರ ಮುಖ್ಯ ನ್ಯಾಯಾಧೀಶ ಸರ್ ಎಲೈಜಾ ಇಂಪೆಯು ಹೇಸ್ಟಿಂಗ್ಸನ ಶಾಲಾ ಸಹಪಾಠಿ. 1775 ರಲ್ಲಿ ಹೇಸ್ಟಿಂಗ್ಸನ ಮೇಲೆ ಲಂಚದ ಆಪಾದನೆ ಹೊರಿಸಿದ ಮಹಾರಾಜ ನಂದಕುಮಾರನು ಹಳೆಯ ಖೋಟಾ ಪತ್ರದ ಮೊಕದ್ದಮೆಯೊಂದರಲ್ಲಿ ಇಂಪೆಯ ನ್ಯಾಯಾಲಯದಿಂದ ಗಲ್ಲಿಗೇರಿದ್ದನು. 1780 ರಲ್ಲಿ ಇಂಪೆಯು ಸದರ್ ದಿವಾನಿ ಅದಾಲತ್ತಿನ ಸಂಬಳದ ಅಧಿಕಾರವನ್ನು ಹೇಸ್ಟಿಂಗ್ಸನಿಂದ ಪಡೆದುಕೊಂಡನು. ಕಂಪನಿಯನ್ನು ತಿದ್ದಬೇಕಾದ ನ್ಯಾಯಾಧೀಶನೇ ಕಂಪನಿಯ ಸಂಬಳಕ್ಕೆ ಕೈಯೊಡ್ಡಿದಂತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹೇಸ್ಟಿಂಗ್ಸನೂ ಅವನ ಎದುರಾಳಿಯಾದ ಕೌನ್ಸಿಲ್ ಸದಸ್ಯ ಫಿಲಿಪ್ ಫ್ರಾನ್ಸಿಸನೂ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡಿದರು. ಗಾಯಗೊಂಡ ಫ್ರಾನ್ಸಿಸನು ವರ್ಷದ ಕೊನೆಗೆ ಸ್ವದೇಶಕ್ಕೆ ಹೊರಟುಹೋದನು. ಹೇಸ್ಟಿಂಗ್ಸನನ್ನು ಎದುರಿಸಿ ಮಾತನಾಡುವವರು ಕಲಕತ್ತೆಯಲ್ಲಿ ಕಡಮೆಯಾದರು.

ಹಿಕ್ಕಿಯು ಈ ಸುಳಿಗೆ ಬಿದ್ದುದು ಪ್ರತಿಸ್ಪರ್ಧಿಯೊಬ್ಬನಿಂದ. 1780 ನೆಯ ನವಂಬರಿನಲ್ಲಿ ಇಂಡಿಯಾ ಗೆಜೆಟ್ ಎಂಬ ಎರಡನೆಯ ಪತ್ರಿಕೆಯು ಹೊರಟಿತು. ನಾಟಕಶಾಲೆಯೊಡನೆ ಸಂಬಂಧವಿದ್ದ ಮೆಸಿಂಕನೂ, ಉಪ್ಪಿನ ವ್ಯಾಪಾರಿಯಾದ ರೀಡನೂ ಅದರ ಒಡೆಯರು. ಅದಕ್ಕೆ ಹೇಸ್ಟಿಂಗ್ಸನ ಬೆಂಬಲವೂ ಅಂಚೆಯ ಅನುಕೂಲವೂ ದೊರೆತುವು. ಹೇಸ್ಟಿಂಗ್ಸನ ಹೆಂಡತಿಯ ಮೂಲಕ ಲಂಚ ಸಲ್ಲಿಸಿದರೆ ತನಗೂ ಅನುಕೂಲವಾಗಬಹುದೆಂದು ಕಂಪನಿಯ ಅಧಿಕಾರಿಯೊಬ್ಬನು ಸೂಚಿಸಿದನೆಂದು ಹಿಕ್ಕಿಯು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದನು. ನವಂಬರ್ 14 ರಂದು ಹೇಸ್ಟಿಂಗ್ಸನ ಆಜ್ಞೆ ಹೊರಟಿತು: ಹಿಕ್ಕಿಯ ಪತ್ರಿಕೆಯನ್ನು ಅಂಚೆಯಲ್ಲಿ ಸ್ವೀಕರಿಸಕೂಡದು. ಕಲಕತ್ತೆಯ ಹೊರಗಿನ ಓದುಗರೆಲ್ಲ ಒಂದೇ ಏಟಿಗೆ ದೂರವಾದರು. ಹಿಕ್ಕಿಯು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಇಪ್ಪತ್ತು ಮಂದಿ ಹರಿಕಾರರನ್ನು ನೇಮಿಸಿ, ಊರೊಳಗಿನ ಮನೆಮನೆಗೂ ಪತ್ರಿಕೆಯನ್ನು ಮುಟ್ಟಿಸಿದನು. ಮೊದಲ ಪತ್ರಿಕೆಯು ಬದುಕಿ ಉಳಿದುದು ಈ ಹೆಸರಿಲ್ಲದ ದೇಶೀಯರ ಕಾಲ್ಬಲದಿಂದ ಎಂಬುದನ್ನು ಮರೆಯಬಾರದು.

ಅಂದಿನಿಂದ ಗೆಜೆಟ್ಟಿನ ಧ್ವನಿ ಬದಲಾಯಿತು. ಹೇಸ್ಟಿಂಗ್ಸನನ್ನು ನಿರಂಕುಶ ಪ್ರಭುವೆಂದು ಹಿಕ್ಕಿಯು ನಾನಾ ಅಡ್ಡಹೆಸರುಗಳಿಂದ ಹಂಗಿಸಿದನು. ಇಂಪೆಗೆ ಅವನಿಟ್ಟ ಹೆಸರು ಪುಲ್‌ಬಂದಿ ಪ್ರಭು. ನದಿಯ ಒಡ್ಡುಗಳನ್ನು ದುರಸ್ತಿ ಮಾಡುವ ಪುಲ್‌ಬಂದಿ ಗುತ್ತಿಗೆಯು ಇಂಪೆಯ ನಂಟನಿಗೆ ದೊರೆತುದು ಅದಕ್ಕೆ ಕಾರಣ. ಸ್ವೀಡನ್ ದೇಶದ ಕ್ರೈಸ್ತ ಪಾದ್ರಿ ಕೀರ್ನಾಂಡರನು ತನ್ನ ಪ್ರತಿಸ್ಪರ್ಧಿಗಳಿಗೆ ಮೊಳೆಗಳನ್ನು ಒದಗಿಸಿದನೆಂದೂ, ಅನಾಥ ಮಕ್ಕಳ ನಿಧಿಯನ್ನು ದುರುಪಯೋಗಪಡಿಸಿದನೆಂದೂ ಆಪಾದಿಸಿದನು. ಇವೆಲ್ಲದರ ನಡುವೆ ಅವನು ಗಂಭೀರವಾದ ತತ್ತ್ವವೊಂದನ್ನೂ ಪ್ರತಿಪಾದಿಸುತ್ತಿದ್ದನು: ಪ್ರಜೆಗಳು ತಮ್ಮ ಅಭಿಪ್ರಾಯವನ್ನು ಅಚ್ಚಿನಲ್ಲಿ ಹೇಳುವ ಹಕ್ಕಿಲ್ಲದಿದ್ದರೆ ಸ್ವತಂತ್ರ ರಾಜ್ಯವೆಂಬುದು ಇರಲಾರದು, ಅನ್ಯಾಯದ ಆಜ್ಞೆಗೆ ತಲೆಬಾಗುವುದು ಯಾರ ಕರ್ತವ್ಯವೂ ಅಲ್ಲ.

ಇಲ್ಲಿ ಸತ್ಯವನ್ನು ಹೇಳಬೇಕು. ಹಿಕ್ಕಿಯ ಲೇಖನಿಯು ಯಾವಾಗಲೂ ಶುದ್ಧವಾಗಿರಲಿಲ್ಲ. ಜನರ ಮನೆಯೊಳಗಿನ ವಿಷಯಗಳನ್ನು ಬೀದಿಗೆ ತಂದು ನಗೆಯಾಡುವುದು, ಹೆಂಗಸರ ವಿಚಾರವಾಗಿ ಹಗುರವಾಗಿ ಬರೆಯುವುದು, ವೈಯಕ್ತಿಕ ನಿಂದೆ, ಇವೆಲ್ಲ ಅವನ ಪತ್ರಿಕೆಯಲ್ಲಿ ಧಾರಾಳವಾಗಿದ್ದುವು. ಅದು ಇಂಗ್ಲಿಷರಿಗಾಗಿ ನಡೆದ ಪತ್ರಿಕೆ. ದೇಶೀಯರ ಸುಖದುಃಖಕ್ಕೆ ಅದರಲ್ಲಿ ದೊರೆತ ಸ್ಥಳ ಸ್ವಲ್ಪವೇ. ಆದರೆ ಹೇಸ್ಟಿಂಗ್ಸನನ್ನು ಕೆರಳಿಸಿದುದು ಹಿಕ್ಕಿಯ ಅಸಭ್ಯತೆಯೊಂದೇ ಆಗಿರಲಿಲ್ಲ. ಲಂಚ, ಗುತ್ತಿಗೆ, ನ್ಯಾಯಾಲಯದ ಪಕ್ಷಪಾತ ಎಂಬ ವಿಷಯಗಳನ್ನು ಅವನು ಮುಟ್ಟಿದುದೇ ನಿಜವಾದ ಅಪರಾಧವಾಯಿತು.

1781 ನೆಯ ಏಪ್ರಿಲಿನಲ್ಲಿ ಆಯುಧ ಹಿಡಿದ ಕೆಲವರು ರಾತ್ರಿಯ ವೇಳೆ ತನ್ನ ಮನೆಗೆ ನುಗ್ಗಲು ಯತ್ನಿಸಿದರೆಂದು ಹಿಕ್ಕಿಯು ಪತ್ರಿಕೆಯಲ್ಲಿ ತಿಳಿಸಿದನು. ಜೂನ್ ತಿಂಗಳಲ್ಲಿ ಅವನನ್ನು ಬಂಧಿಸಲು ಆಜ್ಞೆಯಾಯಿತು. ಹಿಕ್ಕಿಯೇ ಬರೆದಿರುವಂತೆ, ಒಬ್ಬ ಅಚ್ಚುಗಾರನನ್ನು ಹಿಡಿಯಲು ಬಂದವರು ನೂರಾರು ಮಂದಿ. ಅವರ ಕೈಗೆ ಸಿಗದೆ ತಾನಾಗಿಯೇ ನ್ಯಾಯಾಲಯಕ್ಕೆ ಹೋದನು. ಅಲ್ಲಿಂದ ಸೆರೆಮನೆಗೆ ಹೋಗಬೇಕಾಯಿತು. ಜಾಮೀನಿಗಾಗಿ ಕೇಳಿದ ಮೊತ್ತವು ಅವನ ಶಕ್ತಿಗೆ ಮೀರಿತ್ತು. ಹೇಸ್ಟಿಂಗ್ಸನ ಮತ್ತು ಕೀರ್ನಾಂಡರನ ಮಾನಹಾನಿಯ ಮೊಕದ್ದಮೆಗಳು ಒಂದರ ಮೇಲೊಂದರಂತೆ ನಡೆದುವು. ಪೀಠದಲ್ಲಿ ಕುಳಿತಿದ್ದವನು ಇಂಪೆ. ಯಾರನ್ನು ಹಿಕ್ಕಿಯು ಪತ್ರಿಕೆಯಲ್ಲಿ ಹಂಗಿಸಿದ್ದನೋ ಅವನೇ ನ್ಯಾಯ ಹೇಳುವವನಾದನು. ಹಿಕ್ಕಿಯು ಅಪರಾಧಿಯೆಂದು ತೀರ್ಮಾನವಾಗಿ ಸೆರೆವಾಸವನ್ನೂ ದಂಡವನ್ನೂ ವಿಧಿಸಲಾಯಿತು.

ಆದರೆ ಪತ್ರಿಕೆ ನಿಲ್ಲಲಿಲ್ಲ! ಹಿಂದೆ ಸಾಲಗಾರನಾಗಿ ಸೆರೆಯಲ್ಲಿದ್ದಾಗ ಅಚ್ಚುಕೂಟವನ್ನು ಕಟ್ಟಿದ್ದವನಿಗೆ, ಈಗ ಸೆರೆಯಲ್ಲಿ ಕುಳಿತು ಪತ್ರಿಕೆ ನಡೆಸುವುದು ಅಸಾಧ್ಯವೆನಿಸಲಿಲ್ಲ. 1781 ನೆಯ ಜುಲೈ 1 ರಂದು ಪೋರ್ಟೊ ನೋವೊದಲ್ಲಿ ಕೂಟನು ಹೈದರಾಲಿಯನ್ನು ಎದುರಿಸಿ ಗೆದ್ದಾಗ ಅವನ ನಿಯಮಾವಳಿಯನ್ನು ಅಚ್ಚು ಹಾಕಿದವನು ಕಲಕತ್ತೆಯ ಸೆರೆಮನೆಯಲ್ಲಿದ್ದನು. ಸುಮಾರು ಒಂಬತ್ತು ತಿಂಗಳು ಗೆಜೆಟ್ ಹೀಗೆ ನಡೆಯಿತು. ಹೊಸ ಮೊಕದ್ದಮೆಗಳು ಬಂದುವು. ಕೊನೆಗೆ 1782 ನೆಯ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಅವನ ಮೊಳೆಗಳನ್ನೇ ವಶಪಡಿಸಿಕೊಂಡರು. ಅಚ್ಚುಗಾರನ ದೇಹವನ್ನು ಬಂಧಿಸಿದರೆ ಸಾಲದು, ಅವನ ಅಕ್ಷರಗಳನ್ನು ಬಂಧಿಸಬೇಕೆಂಬುದನ್ನು ಅಧಿಕಾರಿಗಳು ಕೊನೆಗೆ ಅರಿತರು. ಯಂತ್ರವೂ ಮೊಳೆಗಳೂ ಹರಾಜಾಗಿ ಪ್ರತಿಸ್ಪರ್ಧಿಯಾದ ಇಂಡಿಯಾ ಗೆಜೆಟ್ಟಿನ ಪಾಲಾದುವು. ಭಾರತದ ಮೊದಲ ವೃತ್ತಪತ್ರಿಕೆಯ ಆಯುಷ್ಯವು ಎರಡು ವರ್ಷ ಎರಡು ತಿಂಗಳು.

ಹಿಕ್ಕಿಯು 1784 ರ ಕೊನೆಯವರೆಗೂ ಸೆರೆಯಲ್ಲಿದ್ದನು. ಸ್ವದೇಶಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ ಹೇಸ್ಟಿಂಗ್ಸನು ತನಗೆ ಬರಬೇಕಾದುದನ್ನು ಬಿಟ್ಟುಕೊಟ್ಟ ಮೇಲೆ ಅವನ ಬಿಡುಗಡೆಯಾಯಿತು. ಆ ಬಳಿಕ ಅವನ ಬಾಳು ಬಡತನದ ಬಾಳು. ದೊಡ್ಡ ಸಂಸಾರ, ಸಣ್ಣ ಸಂಪಾದನೆ. ಮತ್ತೆ ವೈದ್ಯವೃತ್ತಿಯನ್ನು ಹಿಡಿದನು; ಸೈನ್ಯದ ನಿಯಮಾವಳಿಯ ಬಾಕಿ ಹಣಕ್ಕಾಗಿ ಅರ್ಜಿಯ ಮೇಲೆ ಅರ್ಜಿ ಬರೆದನು; ಒಂದು ಕಾಲದಲ್ಲಿ ತಾನು ಹಂಗಿಸಿದ್ದ ಹೇಸ್ಟಿಂಗ್ಸನಿಗೇ ದೈನ್ಯದಿಂದ ಪತ್ರ ಬರೆಯುವ ಸ್ಥಿತಿಯೂ ಬಂದಿತು. 1802 ನೆಯ ಅಕ್ಟೋಬರಿನಲ್ಲಿ, ಚೀಣಾ ದೇಶಕ್ಕೆ ಹೊರಟ ಹಡಗಿನಲ್ಲಿ, ನಡುಗಡಲಿನಲ್ಲಿ ಅವನು ತೀರಿಕೊಂಡನು.

ಅವನ ಎದುರಾಳಿಗಳೂ ನೆಮ್ಮದಿಯಿಂದಿರಲಿಲ್ಲ. ಇಂಪೆಯನ್ನು ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅವನು ಪಾರ್ಲಿಮೆಂಟಿನಲ್ಲಿ ಆಪಾದನೆಗಳಿಗೆ ಉತ್ತರ ಹೇಳಬೇಕಾಯಿತು. ಹೇಸ್ಟಿಂಗ್ಸನ ಮೇಲೆ 1788 ರಲ್ಲಿ ಪ್ರಾರಂಭವಾದ ಮಹಾವಿಚಾರಣೆಯು 1795 ರವರೆಗೆ ನಡೆದು ಅವನು ನಿರ್ದೋಷಿಯೆಂಬ ತೀರ್ಪಿನಿಂದ ಮುಗಿಯಿತು. ಕಲಕತ್ತೆಯಲ್ಲಿ ಒಬ್ಬ ಅಚ್ಚುಗಾರನ ಬಾಯಿ ಮುಚ್ಚಿಸಿದವರು ಲಂಡನ್ನಿನಲ್ಲಿ ಬಾಯಿ ತೆರೆದು ಲೆಕ್ಕ ಒಪ್ಪಿಸಬೇಕಾಯಿತು.

ಹಿಕ್ಕಿಯ ಮೊಳೆಗಳು ಹೋದರೂ ಅವನು ತುಳಿದ ಹಾದಿ ಮುಚ್ಚಿಹೋಗಲಿಲ್ಲ. 1785 ರಲ್ಲಿ ಮದರಾಸಿನಲ್ಲಿಯೂ 1789 ರಲ್ಲಿ ಮುಂಬಯಿಯಲ್ಲಿಯೂ ಇಂಗ್ಲಿಷು ಪತ್ರಿಕೆಗಳು ಹುಟ್ಟಿದುವು. 1799 ನೆಯ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣವು ಬಿದ್ದ ತಿಂಗಳಿನಲ್ಲಿಯೇ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಪತ್ರಿಕೆಗಳನ್ನು ಮೊದಲೇ ಪರಿಶೀಲಿಸುವ ಕಟ್ಟಳೆಯನ್ನು ಹೊರಡಿಸಿದನು. 1822 ರಲ್ಲಿ ಮುಂಬಯಿಯಲ್ಲಿ ಫರ್ದೂನ್‌ಜೀ ಮರ್ಜಬಾನರು ಗುಜರಾತಿಯ ಮುಂಬಯಿ ಸಮಾಚಾರವನ್ನು ಪ್ರಾರಂಭಿಸಿದರು. 1823 ರ ಪರವಾನಗಿಯ ಕಟ್ಟಳೆಯನ್ನು ಪ್ರತಿಭಟಿಸಿ ರಾಜಾ ರಾಮಮೋಹನ ರಾಯರು ತಮ್ಮ ಪಾರಸಿ ಭಾಷೆಯ ಪತ್ರಿಕೆಯನ್ನೇ ನಿಲ್ಲಿಸಿದರು. 1835 ರಲ್ಲಿ ಮೆಟ್ಕಾಫನು ಆ ಕಟ್ಟನ್ನು ಸಡಿಲಿಸಿದನು. 1843 ನೆಯ ಜುಲೈ 1 ರಂದು ಹರ್ಮನ್ ಮೋಗ್ಲಿಂಗರ ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಹೊರಬಂದು ಕನ್ನಡಕ್ಕೂ ಪತ್ರಿಕೆಯ ಭಾಗ್ಯ ದೊರೆಯಿತು. 1908 ರಲ್ಲಿ ನಮ್ಮ ಮುಂಬಯಿಯ ಹೈಕೋರ್ಟಿನಲ್ಲಿಯೇ ಲೋಕಮಾನ್ಯ ತಿಲಕರು ತಮ್ಮ ಪತ್ರಿಕೆಯ ಲೇಖನಗಳಿಗಾಗಿ ಆರು ವರ್ಷಗಳ ಶಿಕ್ಷೆಯನ್ನು ಪಡೆದು ಮಂಡಾಲೆಗೆ ತೆರಳಿದರು. ಹಿಕ್ಕಿಯು ತನ್ನ ಉದ್ಯೋಗಕ್ಕಾಗಿ, ತನ್ನ ಕೋಪಕ್ಕಾಗಿ ಹೂಡಿದ ಜಗಳವು ತಿಲಕರ ಕಾಲಕ್ಕೆ ಇಡೀ ಜನಾಂಗದ ಹೋರಾಟವಾಗಿತ್ತು.

ಜನವರಿ 29 ನೆಯ ದಿನವನ್ನು ಈಗ ಭಾರತೀಯ ವೃತ್ತಪತ್ರಿಕಾ ದಿನವೆಂದು ನೆನೆಯುತ್ತಾರೆ. ಗೆಜೆಟ್ಟಿನ ಮೂಲ ಪ್ರತಿಗಳು ಕೆಲವೇ ಗ್ರಂಥಾಲಯಗಳಲ್ಲಿ ಉಳಿದುಕೊಂಡಿವೆ. ಹಿಕ್ಕಿಯ ಜೀವನದಿಂದ ವಿದ್ಯಾರ್ಥಿಗಳಾದ ನಾವು ತಿಳಿಯಬೇಕಾದುದು ಎರಡು ಬಗೆಯದು. ಬಲಿಷ್ಠರ ತಪ್ಪನ್ನು ತಪ್ಪೆಂದು ಹೇಳುವ ಎದೆಗಾರಿಕೆಯು ಅವನಲ್ಲಿದ್ದಿತು. ಅದನ್ನು ನಾವು ಕಲಿಯಬೇಕು. ಹೇಳುವ ಮಾತನ್ನು ತೂಗಿನೋಡಿ, ವ್ಯಕ್ತಿಯ ಮನೆಮಾತನ್ನು ಬಿಟ್ಟು ಲೋಕದ ಹಿತಕ್ಕೆ ಸಂಬಂಧಿಸಿದುದನ್ನು ಮಾತ್ರ ಬರೆಯುವ ಸಂಯಮವು ಅವನಲ್ಲಿರಲಿಲ್ಲ. ಆ ಕೊರತೆಯೇ ಅವನ ವೈರಿಗಳ ಕೈಗೆ ಕತ್ತಿಯನ್ನು ಕೊಟ್ಟಿತು. ಶಾಲೆಯ ಭಿತ್ತಿಪತ್ರಿಕೆಗೆ ನಾಲ್ಕು ಸಾಲು ಬರೆಯುವಾಗಲೂ, ಮುಂದೆ ದೊಡ್ಡವರಾಗಿ ದೊಡ್ಡ ಪತ್ರಿಕೆಗಳಿಗೆ ಬರೆಯುವಾಗಲೂ ಈ ಎರಡನ್ನೂ ನೆನಪಿನಲ್ಲಿಟ್ಟರೆ, ಸೆರೆಮನೆಯಲ್ಲಿ ಕುಳಿತು ಮೊಳೆ ಜೋಡಿಸಿದ ಆ ಐರ್ಲೆಂಡಿನ ಅಚ್ಚುಗಾರನ ಶ್ರಮವು ವ್ಯರ್ಥವಾಗಲಾರದು.